ಕಂಸವಿಲ್ಲದ ಗೆರೆ

ಬೆಳಿಗ್ಗೆ ಮನೆಯಿಂದ ಹೊರಡುವ ಹೊತ್ತಿಗೇ ಅವನಿಗೆ ಇವತ್ತು ಯಾರ ಮೇಲಾದರೂ ರೇಗಬೇಕು ಅನ್ನಿಸಿತ್ತು. ಯಾರ ಮೇಲೆ ಎನ್ನುವುದೊಂದು ಮಾತ್ರ ತೀರ್ಮಾನವಾಗಿರಲಿಲ್ಲ. ಹೆಂಡತಿಯ ಮೇಲೆ ರೇಗುವ ಹಾಗಿರಲಿಲ್ಲ, ಅವಳೇ ಅವನ ಮೇಲೆ ರೇಗಿ ಆಗಿತ್ತು. ಹಿಂದಿನ ಸಂಜೆ ಅವಳ ತಂಗಿಯ ಮನೆಯವರು ಬಂದಿದ್ದಾಗ ಅವಳು ಯಾವುದೋ ಹಳೆಯ ಪ್ರಯಾಣದ ಕಥೆ ಹೇಳುತ್ತಿದ್ದಳು. ದಾರಿಯಲ್ಲಿ ಬಸ್ಸು ಕೆಟ್ಟದ್ದು, ಎಲ್ಲರೂ ಇಳಿದು ತಳ್ಳಿದ್ದು, ಡ್ರೈವರು ಮುನಿಸಿಕೊಂಡು ಸೀಟಿನ ಮೇಲೇ ಮಲಗಿಬಿಟ್ಟದ್ದು. ಎಲ್ಲರೂ ನಗುತ್ತಿದ್ದಾಗ ಅವನು ನಡುವೆ ಬಾಯಿ ಹಾಕಿ, ಬಸ್ಸು ಕೆಟ್ಟದ್ದು ಹೋಗುವಾಗ ಅಲ್ಲ, ಬರುವಾಗ ಎಂದ. ಅವಳು ಸರಿ, ಬರುವಾಗ ಎಂದು ಮುಂದುವರಿಸಿದಳು. ಅವನು ಮತ್ತೆ, ಡ್ರೈವರು ಮಲಗಿರಲಿಲ್ಲ, ಕೆಳಗಿಳಿದು ಚಕ್ರ ನೋಡುತ್ತಿದ್ದ ಎಂದ. ಅವಳು ಕಥೆಯನ್ನು ಅಲ್ಲಿಗೇ ಬಿಟ್ಟು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾದಿನಿಯ ಗಂಡ ಗೋಡೆಯ ಗಡಿಯಾರ ನೋಡಿದ. ಈಗ ಬೆಳಿಗ್ಗೆ ಹೆಂಡತಿ ಊಟದ ಡಬ್ಬಿಯನ್ನು ಕೈಗೆ ಕೊಡದೆ ಚಪ್ಪಲಿ ಗೂಡಿನ ಮೇಲಿಟ್ಟು, "ನಿಮ್ಮ ಹತ್ರ ಮಾತಾಡೋದೂ ಒಂದು ಪರೀಕ್ಷೆ ಬರೆದ ಹಾಗೆ. ಬಾಯಿ ಬಿಟ್ರೆ ಕೆಂಪು ಗೀಟು" ಅಂದಳು. ಅದಕ್ಕೆ ಅವನು ತಪ್ಪಿದ್ದರೆ ತಾನೇ ಗೀಟು ಎಂದು ಹೇಳಲು ಹೋಗಿ, ಅದನ್ನು ಹೇಳಿದರೆ ಅವಳ ಮಾತೇ ಸರಿಯಾಗುತ್ತದೆ ಎಂದು ಹೊಳೆದು, ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದಿದ್ದ.

ಅವನ ನಡಿಗೆಯೇ ಒಂದು ತಮಾಷೆ. ಚಿಕ್ಕಂದಿನಲ್ಲಿ ಬಂದ ಜ್ವರ ಬಲಗಾಲಿನ ಮಂಡಿಯನ್ನು ಮಡಚಲಾಗದ ಹಾಗೆ ಸೆಡೆಸಿಬಿಟ್ಟಿತ್ತು. ಎಡಗಾಲನ್ನು ಊರಿ, ಬಲಗಾಲನ್ನು ಹೊರಗಿನಿಂದ ಸುತ್ತಿಸಿ ತಂದು ಮುಂದಿಡಬೇಕು. ಗಣಿತದ ಮೇಷ್ಟ್ರಿಗೆ ಇಂಥ ಕಾಲಿದ್ದರೆ ಹುಡುಗರು ಸುಮ್ಮನಿರುತ್ತಾರೆಯೇ, ಕೈವಾರ ಎಂದು ಹೆಸರಿಟ್ಟರು. ಆ ಹೆಸರು ಅವನಿಗಿಂತ ಬೇಗ ನಡೆಯುತ್ತಿತ್ತು; ಶಾಲೆ ಬದಲಾಯಿಸಿದಾಗಲೆಲ್ಲ ಅವನು ತಲುಪುವ ಮೊದಲೇ ಅಲ್ಲಿ ತಲುಪಿರುತ್ತಿತ್ತು. ಮೊದಮೊದಲು ಕರೆದವನು ಯಾರೆಂದು ಹುಡುಕಿ ಹೊಡೆಯುತ್ತಿದ್ದ. ಆಮೇಲೆ ಹೊಡೆಯುವುದನ್ನು ಬಿಟ್ಟ, ಹುಡುಕುವುದನ್ನು ಬಿಡಲಿಲ್ಲ. ದಾರಿಯಲ್ಲಿ ಹಿಂದಿನಿಂದ ಯಾರಾದರೂ ನಕ್ಕರೆ ಈಗಲೂ ಆ ನಗು ತನ್ನ ಕಾಲಿನ ಅಳತೆಯದೇ ಎಂದು ಅವನು ನಂಬುತ್ತಿದ್ದ. ತಿರುಗಿ ನೋಡಿದರೆ ಬಹುಪಾಲು ಯಾರೋ ಫೋನಿನಲ್ಲಿ ನಗುತ್ತಿರುತ್ತಿದ್ದರು.

ಉತ್ತರ ಪತ್ರಿಕೆಗಳ ಮೌಲ್ಯಮಾಪನ ನಡೆಯುತ್ತಿದ್ದುದು ಒಂದು ದೊಡ್ಡ ಶಾಲೆಯ ಸಭಾಂಗಣದಲ್ಲಿ. ಉದ್ದುದ್ದ ಮೇಜುಗಳು, ಮೇಜಿನ ಎರಡೂ ಬದಿಗೆ ಬಗ್ಗಿದ ಬೆನ್ನುಗಳು, ಮೇಲೆ ಗರಗರ ಎನ್ನುವ ಫ್ಯಾನು, ಮಧ್ಯಾಹ್ನದ ಹೊತ್ತಲ್ಲೂ ಉರಿಯುವ ಟ್ಯೂಬ್‌ಲೈಟು. ಹುಡುಗರ ಬೆವರು ಹೀರಿದ ಕಾಗದಕ್ಕೆ ಒಂದು ವಾಸನೆ ಇರುತ್ತದೆ, ಒದ್ದೆ ಬಟ್ಟೆಯನ್ನು ಮುಚ್ಚಿಟ್ಟ ಹಾಗೆ. ಅದು ಎಷ್ಟು ವರ್ಷದಿಂದ ಮೂಗಿನಲ್ಲಿತ್ತೆಂದರೆ ಅವನಿಗೆ ಅದೇ ಬೇಸಗೆಯ ವಾಸನೆ. ಕೊನೆಯಲ್ಲಿ ಸ್ವಲ್ಪ ಎತ್ತರದ ಕಟ್ಟೆಯ ಮೇಲೆ ಗಣಿತ ವಿಭಾಗದ ಮುಖ್ಯಸ್ಥ ಕೂತಿರುತ್ತಿದ್ದ. ಮುಖ್ಯಸ್ಥ ಒಂದು ಕಾಲದಲ್ಲಿ ಅವನದೇ ವಿದ್ಯಾರ್ಥಿ. ಕಿಟಕಿ ಪಕ್ಕದ ಬೆಂಚು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ತಲೆ, ಬೋರ್ಡಿನ ಕಡೆ ತಿರುಗಿದ ತಕ್ಷಣ ಹಿಂದೆ ಸಣ್ಣಗೆ ಕಿಸಕ್ ಎನ್ನುತ್ತಿದ್ದ ಒಂದು ಸದ್ದು. ಆ ಹೆಸರಿಟ್ಟವನು ಇವನೇ ಎಂದು ಅವನಿಗೆ ಖಾತ್ರಿ. ಸಾಕ್ಷಿ ಮಾತ್ರ ಇಲ್ಲ. ಈಗ ಆ ಹುಡುಗನಿಗೇ ಎಲ್ಲರ ಮುಂದೆ "ನೀವು" ಅನ್ನಬೇಕು. ಮುಖ್ಯಸ್ಥನಂತೂ "ಬನ್ನಿ ಸರ್, ಕೂತ್ಕೊಳ್ಳಿ ಸರ್, ಮೆಟ್ಲು ಜೋಪಾನ ಸರ್" ಎಂದು ಇಡೀ ಹಾಲಿಗೆ ಕೇಳುವ ಹಾಗೆ ಉಪಚರಿಸುತ್ತಿದ್ದ. ಮೆಟ್ಟಿಲಿನ ಮಾತು ಬೇಕಿರಲಿಲ್ಲ.

ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅಂಕ ಹಂಚುವ ಕ್ರಮದ ಬಗ್ಗೆ ಸಭೆ. ಒಂದು ಪ್ರಶ್ನೆ, ಎರಡು ಅಂಕ: ಕೊಟ್ಟ ಕೋನವನ್ನು ಅಳತೆಪಟ್ಟಿ ಮತ್ತು ಕೈವಾರ ಮಾತ್ರ ಬಳಸಿ ಅರ್ಧಿಸಿ. ಕೋನದ ಮೂಲೆಯಲ್ಲಿ ಕೈವಾರದ ಮುಳ್ಳು ಊರಿ ಎರಡೂ ಬಾಹುಗಳನ್ನು ಹಾಯುವ ಒಂದು ಕಂಸ. ಅದು ಹಾಯ್ದ ಎರಡು ಜಾಗಗಳಲ್ಲಿ ಮುಳ್ಳು ಊರಿ, ಒಂದೇ ಅಗಲದಲ್ಲಿ, ಒಂದನ್ನೊಂದು ಕತ್ತರಿಸುವ ಇನ್ನೆರಡು ಕಂಸ. ಅವು ಕೂಡಿದಲ್ಲಿಂದ ಮೂಲೆಗೆ ಒಂದು ಗೆರೆ. ಇಷ್ಟೇ. ಎಂಥ ದಡ್ಡನೂ ಮಾಡಬಹುದು, ಅದಕ್ಕೇ ಎಂಥ ಜಾಣನೂ ಮೋಸ ಮಾಡಬಹುದು. ಕೋನಮಾಪಕ ಇಟ್ಟು ಡಿಗ್ರಿ ಅಳೆದು, ಅರ್ಧ ಲೆಕ್ಕ ಹಾಕಿ, ಚುಕ್ಕಿ ಇಟ್ಟು ಗೆರೆ ಎಳೆದುಬಿಟ್ಟರೆ ಆಯಿತು. ಅವನ ಪಕ್ಕದ ಕುರ್ಚಿಯ ಮೇಡಂ ಎದ್ದು ನಿಂತು, "ಪಾಪ, ಕೆಲವರು ಚೊಕ್ಕ ಕಾಣ್ಲಿ ಅಂತ ಕಂಸ ಅಳಿಸಿಬಿಡ್ತಾರೆ. ಗೆರೆ ಸರಿ ಇದ್ರೆ ಒಂದಾದ್ರೂ ಕೊಡೋಣ ಸರ್" ಅಂದಳು.

"ಕಂಸ ಇಲ್ಲದ ಗೆರೆ ಕದ್ದ ಗೆರೆ" ಎಂದು ಅವನು ಕೂತಲ್ಲಿಂದಲೇ ಹೇಳಿದ. "ಕದ್ದದ್ದಕ್ಕೆ ಅರ್ಧ ಕೂಲಿ ಕೊಡ್ತೀರಾ ಮೇಡಂ?"

"ಎಲ್ರನ್ನೂ ಕಳ್ಳರು ಅಂದ್ಕೊಂಡ್ರೆ ಹೇಗೆ ಸರ್?"

"ಅಂದ್ಕೊಳ್ಳೋದೇನು ಬಂತು. ಇಷ್ಟು ವರ್ಷ ಹಿಡೀತಾ ಬಂದಿದೀನಿ."

ಮುಖ್ಯಸ್ಥ ಎರಡೂ ಕೈ ಎತ್ತಿದ. "ಸರ್ ಹೇಳಿದ್ಮೇಲೆ ಮುಗೀತು. ನಾನೂ ಇವರ ಕೈಯಲ್ಲಿ ಸೊನ್ನೆ ತಗೊಂಡವನೇ. ಇವತ್ತಿಂದ ಇದು ನಮ್ಮ ಸರ್ ಕಾನೂನು. ಕಂಸ ಇಲ್ಲ, ಅಂಕ ಇಲ್ಲ. ಹಾಲ್ ಪೂರ್ತಿ ಹೀಗೇ ಮಾಡಿ." ಅಲ್ಲಲ್ಲಿ ನಗು ಎದ್ದಿತು. ಗೆದ್ದದ್ದು ತಾನೇ ಆದರೂ ಆ ನಗುವಿನಲ್ಲಿ ಗೆಲುವು ಯಾವುದು, ಅಣಕ ಯಾವುದು ಎಂದು ಬಿಡಿಸಲಾಗದೆ ಅವನು ಶಾಯಿ ಪೆನ್ನಿನ ಮುಚ್ಚಳ ತಿರುಗಿಸಿದ. ಹಾಲಿನಲ್ಲಿ ಶಾಯಿ ಪೆನ್ನು ಇಟ್ಟುಕೊಂಡವನು ಅವನೊಬ್ಬನೇ. ಬಾಲ್ ಪೆನ್ನಿನಲ್ಲಿ ಹಾಕಿದ ಸೊನ್ನೆಗೆ ತೂಕವಿರುವುದಿಲ್ಲ.

ಹತ್ತೂವರೆಯ ಚಹಾ ಬರುವ ಹೊತ್ತಿಗೆ ಅವನ ಮುಂದಿದ್ದ ಕಟ್ಟಿನಲ್ಲಿ ಅದು ಕಾಣತೊಡಗಿತ್ತು. ಒಂದು ಪರೀಕ್ಷಾ ಕೇಂದ್ರದ ಪತ್ರಿಕೆಗಳನ್ನು ಒಡೆದು ಅಕ್ಕಪಕ್ಕದವರಿಗೆ ಹಂಚುತ್ತಾರೆ. ಶಾಲೆಯ ಹೆಸರಿಲ್ಲ, ಮಕ್ಕಳ ಹೆಸರಿಲ್ಲ, ಒಂದರ ಬೆನ್ನಿಗೆ ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಗಳ ಹುಡುಗರು ಉಳಿದ ಲೆಕ್ಕಗಳಲ್ಲಿ ಸಾಧಾರಣ, ಕೆಲವರು ಸಾಧಾರಣಕ್ಕೂ ಕಡೆ. ಕೂಡುವುದರಲ್ಲಿ ತಪ್ಪು, ಕೈಬರಹ ಕಾಗೆ ಕಾಲು. ಆದರೆ ಕೋನದ ಪ್ರಶ್ನೆಗೆ ಬಂದರೆ ಪುಟ ತೊಳೆದಿಟ್ಟ ತಟ್ಟೆ. ಎರಡು ಬಾಹು, ನಡುವೆ ಕೂದಲೆಳೆಯಂಥ ಒಂದೇ ಗೆರೆ, ಬೇರೆ ಏನೂ ಇಲ್ಲ. ಅಳಿಸಿದ ಮಸಿ ಕೂಡ ಇಲ್ಲ. ಅವನು ಕೋನಮಾಪಕ ಇಟ್ಟು ನೋಡಿದ, ಸರಿಯಾಗಿ ಅರ್ಧ. ಮುಂದಿನದೂ ಸರಿಯಾಗಿ ಅರ್ಧ. ಕೂಡಲು ಬಾರದ ಹುಡುಗ ಕೋನವನ್ನು ಇಷ್ಟು ನಿಖರವಾಗಿ ಸೀಳುವುದೆಂದರೇನು. ಸರಿಯಾಗಿರುವುದೇ ಅಪರಾಧಕ್ಕೆ ಸಾಕ್ಷಿ ಎಂದು ಅವನಿಗೆ ಅನ್ನಿಸಿತು, ಹಾಗೆ ಅನ್ನಿಸಿದಾಗ ಮೈಯಲ್ಲಿ ಒಂದು ಬಿಸಿ ಹತ್ತಿತು. ಬೆಳಿಗ್ಗೆಯಿಂದ ಜಾಗ ಹುಡುಕುತ್ತಿದ್ದ ಸಿಟ್ಟಿಗೆ ಕೊನೆಗೂ ವಿಳಾಸ ಸಿಕ್ಕ ಹಾಗೆ. ಒಂದೊಂದು ಪತ್ರಿಕೆಯ ಅಂಚಿನಲ್ಲೂ ದುಂಡಗೆ ಸೊನ್ನೆ ಹಾಕುತ್ತ ಹೋದ. ಕೆಂಪು ಶಾಯಿ ಆರುವ ಮೊದಲು ಒಂದು ಕ್ಷಣ ಹೊಳೆಯುತ್ತದೆ. ಆ ಹೊಳಪನ್ನು ನೋಡಿಯೇ ಅವನು ಪುಟ ಮಗುಚುತ್ತಿದ್ದ.

ಎದ್ದು ಕಟ್ಟೆಯವರೆಗೆ ನಡೆದ. ಮೇಜುಗಳ ನಡುವಿನ ದಾರಿ ಕಿರಿದು, ಸುತ್ತಿಸುವ ಕಾಲು ಎರಡು ಕುರ್ಚಿಗಳಿಗೆ ತಾಗಿತು. "ಒಂದು ಕೇಂದ್ರ ಪೂರ್ತಿ ಕೋನಮಾಪಕ ಇಟ್ಟು ಎಳೆದಿದೆ. ಒಬ್ಬನಲ್ಲೂ ಕಂಸ ಇಲ್ಲ. ಅಲ್ಲಿನ ಮೇಷ್ಟ್ರೇ ನಿಂತು ಹೇಳಿಕೊಟ್ಟಿರಬೇಕು" ಎಂದ.

ಮುಖ್ಯಸ್ಥ ಎರಡು ಪತ್ರಿಕೆ ತಿರುವಿ ನೋಡಿದ. "ಸಾಮೂಹಿಕ ನಕಲು ಅಂತೀರಾ ಸರ್?"

"ನಾನು ಯಾಕೆ ಅನ್ನಲಿ. ಕಾಗದ ಅನ್ನುತ್ತೆ."

"ಆಹಾ. ಕಣ್ಣು ಅಂದ್ರೆ ಇದು." ಮುಖ್ಯಸ್ಥ ಆಗಲೇ ಫೋನು ಎತ್ತಿಕೊಂಡಿದ್ದ. ಅತ್ತ ಕಡೆಯವರಿಗೆ ವಿಷಯ ಹೇಳುವಾಗ "ನಾವು ಪತ್ತೆ ಹಚ್ಚಿದ್ದೀವಿ" ಎಂದದ್ದು ಅವನಿಗೆ ಕೇಳಿಸಿತು. ಫೋನಿಟ್ಟು ಸಣ್ಣ ದನಿಯಲ್ಲಿ, "ಸಂಜೆ ಅಧಿಕಾರಿಗಳು ಬಂದು ಕಟ್ಟಿಗೆ ಮೊಹರು ಹಾಕಿ ತಗೊಂಡು ಹೋಗ್ತಾರೆ. ಫಲಿತಾಂಶ ತಡೆಹಿಡೀತಾರೆ. ಆ ಮೇಷ್ಟ್ರಿಗೆ ಕೆಲಸ ಹೋದ್ರೂ ಹೋಯ್ತು. ನೀವು ಇನ್ನು ಮೂರು ನಾಲ್ಕು ನೋಡೋದಿರಬೇಕಲ್ಲ, ಮುಗಿಸಿ ಕೊಟ್ಬಿಡಿ" ಎಂದ.

ಊಟದ ಹೊತ್ತಿಗೆ ಸುದ್ದಿ ಎಲ್ಲ ಮೇಜಿಗೂ ಹರಡಿತ್ತು. ಎಂದೂ ಮಾತಾಡಿಸದವರು ಬಂದು, ಹೇಗೆ ಗೊತ್ತಾಯ್ತು ಸರ್ ಎಂದು ಕೇಳಿದರು. ಮುಖ್ಯಸ್ಥ ತನ್ನ ಡಬ್ಬಿಯೊಂದಿಗೆ ಅವನ ಪಕ್ಕದಲ್ಲೇ ಕೂತ. "ನಮ್ಮ ಸರ್ ಹಾಗೇನೇ. ಕ್ಲಾಸಲ್ಲಿ ಬೋರ್ಡ್ ಕಡೆ ತಿರುಗಿದ್ರೂ ಬೆನ್ನಲ್ಲಿ ಕಣ್ಣಿರೋದು." ಅವನಿಗೆ ಖುಷಿಯಾಯಿತು. ಖುಷಿಯಾದದ್ದು ಗೊತ್ತಾದ ಕೂಡಲೆ ಕೈಯ ತುತ್ತನ್ನು ಮತ್ತೆ ಡಬ್ಬಿಗೇ ಹಾಕಿದ. ಇವನ ಬಾಯಿಂದ ಬಂದ ಹೊಗಳಿಕೆಗೆ ತನ್ನ ಮೈ ನಾಯಿಮರಿಯ ಹಾಗೆ ಬಾಲ ಆಡಿಸುತ್ತದಲ್ಲ. ಮೇಡಂ ಎದುರಿಗೆ ಕೂತು ಏನೂ ಕೇಳದೆ ಊಟ ಮಾಡುತ್ತಿದ್ದಳು. ಅವಳಿಗೆ ಕೇಳಲಿ ಎಂದೇ ಅವನು ಗಟ್ಟಿಯಾಗಿ, "ಕರುಣೆ ತೋರಿಸೋಕೆ ಹೋಗಿದ್ರೆ ಇದು ಸಿಗ್ತಾ ಇರ್ಲಿಲ್ಲ" ಅಂದ. ಅವಳು ಡಬ್ಬಿ ಮುಚ್ಚಿ, "ಹೌದು ಸರ್, ಸಿಗ್ತಾ ಇರ್ಲಿಲ್ಲ" ಎಂದು ಕೈ ತೊಳೆಯಲು ಎದ್ದಳು.

ಮಧ್ಯಾಹ್ನ ಉಳಿದವನ್ನು ಕೈಗೆತ್ತಿಕೊಂಡ. ಮೊದಲನೆಯದೇ ಅದೇ ಕಥೆ, ತೊಳೆದ ಪುಟ, ಒಂಟಿ ಗೆರೆ. ಮೇಡಂ ಆಡಿಹೋದ ಮಾತು ಇನ್ನೂ ಕಿವಿಯಲ್ಲಿತ್ತು. ಈ ಸಲ ಅಂಚಿನಲ್ಲಿ ಹಾಕಿದರೆ ಸಾಲದು ಅನ್ನಿಸಿ ಸೊನ್ನೆಯನ್ನು ಚಿತ್ರದ ಮೇಲೆಯೇ, ಗೆರೆಯ ನಡುಮಧ್ಯಕ್ಕೆ, ಒತ್ತಿ ದೊಡ್ಡದಾಗಿ ಹಾಕಿದ. ಹಾಕಿ ಮುಂದಿನ ಪುಟಕ್ಕೆ ಬೆರಳು ಕೊಟ್ಟವನು ನಿಂತ. ಸೊನ್ನೆಯಿಂದ ಒಂದು ಕೆಂಪು ಎಳೆ ಹೊರಟಿತ್ತು. ಕಾಗದ ಕೆಟ್ಟದಾದರೆ ಶಾಯಿ ಒಡೆಯುತ್ತದೆ, ಅದು ಅವನಿಗೆ ಗೊತ್ತು. ಆದರೆ ಒಡೆದ ಶಾಯಿ ನಾಲ್ಕೂ ಕಡೆ ಕಾಲು ಚಾಚುತ್ತದೆ, ಹೀಗೆ ಒಂದೇ ದಾರಿ ಹಿಡಿದು ಬಾಗುತ್ತ ಹೋಗುವುದಿಲ್ಲ. ಎಳೆ ಬಾಹುವಿನ ಕಡೆ ಬಾಗಿತು. ಸೊನ್ನೆಯ ಇನ್ನೊಂದು ಮಗ್ಗುಲಿಂದ ಇನ್ನೊಂದು ಎಳೆ ಹೊರಟು ಮೊದಲನೆಯದನ್ನು ಹಾಯ್ದು ಹೋಯಿತು. ಅವೆರಡೂ ಹಾಯ್ದ ಜಾಗದ ಮೇಲೇ ಪೆನ್ಸಿಲಿನ ಗೆರೆ ಹೋಗಿತ್ತು.

ಅವನು ಪತ್ರಿಕೆಯನ್ನು ಟ್ಯೂಬ್‌ಲೈಟಿನಿಂದ ತಪ್ಪಿಸಿ ಕಿಟಕಿಯ ಕಡೆ ಓರೆಯಾಗಿ ಹಿಡಿದ. ಬಿಸಿಲು ಅಡ್ಡಡ್ಡ ಬಿತ್ತು. ಕಂಸಗಳು ಅಲ್ಲಿದ್ದವು. ಮೂರೂ ಇದ್ದವು, ಕಾಗದದ ಮೈಯಲ್ಲಿ ಉಗುರಿನಿಂದ ಗೀರಿದಷ್ಟು ಸಣ್ಣಗೆ. ಮೂಲೆಯಲ್ಲಿ ಒಂದು, ಬಾಹುಗಳ ಮೇಲೆ ಎರಡು ಮುಳ್ಳಿನ ತೂತುಗಳೂ ಇದ್ದವು. ಪೆನ್ಸಿಲಿನ ಗೆರೆಯ ಮೇಲೇ ಬಿದ್ದದ್ದರಿಂದ ಕಂಡಿರಲಿಲ್ಲ. ಕಂಡಿರಲಿಲ್ಲ ಎಂದರೆ ನೋಡಿರಲಿಲ್ಲ. ಬೆಳಗಿನ ಪತ್ರಿಕೆ ಒಂದನ್ನು ಎಳೆದು ಓರೆ ಹಿಡಿದ. ಇತ್ತು. ಇನ್ನೊಂದು. ಇತ್ತು. ಕೊನೆಗೆ ಕಣ್ಣನ್ನೂ ನಂಬದೆ ಬೆರಳಿನ ತುದಿಯನ್ನು ಆಡಿಸಿದ. ಸಣ್ಣ ಕಾಲುವೆ ದಾಟಿದ ಹಾಗೆ ತಾಗಿತು. ಕೈವಾರಕ್ಕೆ ಪೆನ್ಸಿಲು ಸಿಕ್ಕಿಸದೆ ಎರಡೂ ಕಡೆ ಮುಳ್ಳೇ ಇಟ್ಟುಕೊಂಡು ಗೀರಿದ್ದಾರೆ. ಯಾರೋ ಇವರಿಗೆ ಹೀಗೇ ಕಲಿಸಿದ್ದಾನೆ.

ಯಾರು ಹೀಗೆ ಕಲಿಸುತ್ತಾರೆ ಎಂದು ಅವನು ಯೋಚಿಸಬೇಕಾಗಿರಲಿಲ್ಲ. ಹಾಲಿನಲ್ಲಿ ಅಷ್ಟು ಜನರ ಪೈಕಿ ಯೋಚಿಸದೆ ತಿಳಿಯಬೇಕಾದವನು ಅವನೊಬ್ಬನೇ. ತಗಡಿನ ಮೇಲೆ ಪೆನ್ಸಿಲು ನಡೆಯುವುದಿಲ್ಲ. ತಗಡಿನ ಕೆಲಸ ಮಾಡುತ್ತಿದ್ದ ಅಪ್ಪ ಕುಕ್ಕರಗಾಲಲ್ಲಿ ಕೂತು ಮುಂದೆ ತಗಡು ಇಟ್ಟುಕೊಂಡು ಎರಡು ಮುಳ್ಳಿನ ಕಬ್ಬಿಣದ ಕೈವಾರದಿಂದ ಚರ್ ಚರ್ ಎಂದು ಗೀರುತ್ತಿದ್ದ. ಒಂದು ಗೀರು, ಎರಡು ಗೀರು, ತಗಡನ್ನು ಬೆಳಕಿಗೆ ಓರೆ ಮಾಡಿದರೆ ಬಿಳಿ ದಾರದ ಹಾಗೆ ಮೂಡುತ್ತಿದ್ದ ಗೆರೆ, ಆಮೇಲೆ ಕತ್ತರಿ. ಎಣ್ಣೆ ಸುರಿಯುವ ಲಾಳಿಕೆ, ಡಬ್ಬಿಯ ಮುಚ್ಚಳ, ಸೂರಿನ ಮೂಲೆಯ ತೊಟ್ಟಿ. ಮನೆಯ ಬಟ್ಟೆಯಲ್ಲೆಲ್ಲ ಬೆಸುಗೆಯ ಹೊಗೆ, ಶಾಲೆಯಲ್ಲಿ ಪಕ್ಕದವನು ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದ. ಕೋನಾರ್ಧಕ ಕಲಿತ ದಿನ ಅವನು ಮನೆಗೆ ಬಂದು, ಕಂಸ ಕಾಣುವ ಹಾಗೆ ಹಾಕಬೇಕು ಅಂತ ಮೇಷ್ಟ್ರು ಹೇಳಿದ್ದಾರೆ, ನೀನು ಹಾಕೋದು ಕಾಣಲ್ಲ ಎಂದು ಅಪ್ಪನಿಗೆ ಹೇಳಿದ್ದ. ಅಪ್ಪ ತಲೆ ಎತ್ತದೆ, "ನನಗೆ ಕಂಡ್ರೆ ಸಾಕು. ನಿನ್ನ ಮೇಷ್ಟ್ರೇನು ಲಾಳಿಕೆ ಕೊಳ್ತಾನಾ?" ಅಂದ. ಒಳ್ಳೆಯ ಮನುಷ್ಯನೇನಲ್ಲ. ಬಾಯಿ ಹೊಲಸು, ಕೈ ಅದಕ್ಕಿಂತ ಮುಂದೆ. ಅಪ್ಪ ಸತ್ತಾಗ ಅವನಿಗೆ ಅಳು ಬಂದಿರಲಿಲ್ಲ. ಶಾಲೆಗಳಲ್ಲಿ ಯಾರಾದರೂ ಕೇಳಿದರೆ ತಂದೆಯವರದು ವ್ಯಾಪಾರ ಎನ್ನುತ್ತಿದ್ದ, ಎಂಥ ವ್ಯಾಪಾರ ಎಂದು ಕೇಳಿದರೆ ಲೋಹದ್ದು ಎನ್ನುತ್ತಿದ್ದ. ಕೇಳಿದವರು ಚಿನ್ನದ ಅಂಗಡಿ ಎಂದುಕೊಂಡರೆ ಅದು ಅವರ ತಪ್ಪು.

ಪೆನ್ನಿನ ಮುಚ್ಚಳ ಹಾಕಿ ಕೂತ. ಒಳಗೆ ಎದ್ದದ್ದು ಪಶ್ಚಾತ್ತಾಪ ಎಂದು ಅಂದುಕೊಳ್ಳಲು ನೋಡಿದ, ಅಲ್ಲ, ಅದು ಹೊಟ್ಟೆಕಿಚ್ಚು. ಎಲ್ಲೋ ಒಂದು ಶಾಲೆಯಲ್ಲಿ, ತಗಡಿನ ಕೆಲಸವನ್ನೋ ಮರಗೆಲಸವನ್ನೋ ಬಲ್ಲವನೊಬ್ಬ, ಕೂಡಲು ಕಳೆಯಲು ಬಾರದ ಮಕ್ಕಳ ಕೈಯಲ್ಲಿ ಈ ಗೆರೆ ಎಳೆಸಿದ್ದಾನೆ. ತನ್ನ ಇಡೀ ಜೀವಮಾನದಲ್ಲಿ ಒಬ್ಬ ಹುಡುಗನಿಂದಲೂ ಇಂಥದ್ದೊಂದು ಗೆರೆ ಬಂದಿರಲಿಲ್ಲ. ತಾನು ಹೊಡೆದಿದ್ದ, ಬೆಂಚಿನ ಮೇಲೆ ನಿಲ್ಲಿಸಿದ್ದ, ಸೊನ್ನೆ ಹಾಕಿದ್ದ. ಬಂದದ್ದು ಮಸಿ ಹತ್ತಿದ ದಪ್ಪ ಕಂಸಗಳು ಮತ್ತು ಒಂದು ಅಡ್ಡಹೆಸರು. ಆ ಮೇಷ್ಟ್ರನ್ನು ಅವನು ಕಣ್ಣ ಮುಂದೆ ತಂದುಕೊಂಡ: ಪುಟ ಕೊಳೆ ಮಾಡಬೇಡ್ರೋ, ಮುಳ್ಳಿಗೆ ದಾರಿ ಗೊತ್ತಿದ್ರೆ ಸಾಕು ಎನ್ನುತ್ತ ಬೆಂಚುಗಳ ನಡುವೆ ಓಡಾಡುವ, ನೆಟ್ಟಗಿನ ಕಾಲಿನ ಒಬ್ಬ ಮೂರ್ಖ. ಮೂರ್ಖನೇ. ಪರೀಕ್ಷೆಯ ಕಾಗದ ನೋಡುವವನು ಅದನ್ನು ಬೆಳಕಿಗೆ ಹಿಡಿಯುತ್ತಾನೆ, ಬೆರಳಾಡಿಸುತ್ತಾನೆ ಎಂದು ನಂಬಿದನಲ್ಲ, ಅದಕ್ಕಿಂತ ಮೂರ್ಖತನ ಇದೆಯೇ. ಅವನ ಕೆಲಸ ಹೋದರೆ ಹೋಗಲಿ, ಬುದ್ಧಿ ಬರುತ್ತದೆ. ಹೀಗೆ ಯೋಚಿಸುತ್ತ ಅವನು ಆ ಯೋಚನೆ ಎಷ್ಟು ಹಿತವಾಗಿದೆ ಎಂದು ನೋಡಿದ. ತುಂಬ ಹಿತವಾಗಿತ್ತು. ಸುಮ್ಮನೆ ಕೂತರೆ ಸಾಕು, ಏನೂ ಮಾಡಬೇಕಾಗಿಲ್ಲ. ಜವಾನ ಬಟ್ಟೆ, ಅರಗು, ಮೇಣದ ಬತ್ತಿ ತಂದು ಕಟ್ಟೆಯ ಮೇಲೆ ಜೋಡಿಸುತ್ತಿದ್ದ. ಅಧಿಕಾರಿಗಳ ಕಾರು ಹೊರಟಿದೆಯಂತೆ ಎಂದು ಯಾರೋ ಹೇಳಿದರು. ಮೇಡಂ ಪಕ್ಕದಲ್ಲಿ ಸದ್ದಿಲ್ಲದೆ ಅಂಕ ಕೂಡುತ್ತಿದ್ದಳು.

ಸೊನ್ನೆಯಿಂದ ಹೊರಟ ಕೆಂಪು ಎಳೆ ಅಷ್ಟು ಹೊತ್ತಿಗೆ ಆರಿತ್ತು. ಆರಿದ ಮೇಲೆ ಅದು ಇನ್ನು ಅಳಿಸುವ ಹಾಗಿರಲಿಲ್ಲ. ತಪ್ಪೊಂದು ಕಣ್ಣೆದುರಿಗೆ, ತನ್ನದೇ ಕೈಬರಹದಲ್ಲಿ, ತನ್ನದೇ ಶಾಯಿಯಲ್ಲಿ ಬಿದ್ದಿದೆ. ಅದಕ್ಕೆ ಗೀಟು ಎಳೆಯದೆ ಪುಟ ಮಗುಚುವುದು ಅವನಿಂದ ಆಗದ ಕೆಲಸ. ಆಗಿದ್ದರೆ ನಿನ್ನೆ ಹೆಂಡತಿಯ ಕಥೆಯಲ್ಲಿ ಬಸ್ಸು ಹೋಗುವಾಗಲೇ ಕೆಟ್ಟಿತ್ತು ಎಂದು ಬಿಟ್ಟುಬಿಡಬಹುದಿತ್ತು. ಮಕ್ಕಳ ಮೇಲೆ ಮರುಕ ಬಂತೇ ಎಂದು ಹುಡುಕಿದ, ಸಿಗಲಿಲ್ಲ. ಎದ್ದ. ಪತ್ರಿಕೆಗಳನ್ನು ಎದೆಗೆ ಅವುಚಿಕೊಂಡು ಹೊರಟಾಗ ಕಾಲು ಎಂದಿಗಿಂತ ಹೆಚ್ಚು ಸದ್ದು ಮಾಡಿತು.

ಮುಖ್ಯಸ್ಥ ಹೊಸ ಶರ್ಟಿನ ತೋಳು ಸರಿಮಾಡಿಕೊಳ್ಳುತ್ತಿದ್ದ. "ಮುಗೀತಾ ಸರ್?"

"ಕಂಸ ಇದೆ."

"ಏನು ಸರ್?"

"ಎಲ್ಲದರಲ್ಲೂ ಕಂಸ ಇದೆ. ಪೆನ್ಸಿಲಲ್ಲಿ ಹಾಕಿಲ್ಲ, ಮುಳ್ಳಲ್ಲಿ ಗೀರಿದ್ದಾರೆ. ನಾನು ನೋಡಲಿಲ್ಲ. ಅಂಕ ಕೊಡಬೇಕು, ವರದಿ ವಾಪಸ್ ತಗೋಬೇಕು."

ಮುಖ್ಯಸ್ಥ ಪತ್ರಿಕೆಯನ್ನು ನೆಟ್ಟಗೆ ಹಿಡಿದು, ಟ್ಯೂಬ್‌ಲೈಟಿನ ಕೆಳಗೆ ನೋಡಿದ. ನೋಡುವ ಮನಸ್ಸಿಲ್ಲದವನು ನೋಡುವ ಹಾಗೆ. "ನಂಗೇನೂ ಕಾಣ್ತಿಲ್ಲವಲ್ಲ ಸರ್."

"ಓರೆ ಹಿಡಿದು ನೋಡಿ."

"ಸರ್." ಮುಖ್ಯಸ್ಥ ಮುಂದಕ್ಕೆ ಬಾಗಿ ದನಿ ತಗ್ಗಿಸಿದ. ಆ ದನಿಯಲ್ಲಿ ನಿಜವಾದ ಕಾಳಜಿ ಇತ್ತು, ಅದೇ ಅಸಹ್ಯ. "ಬೆಳಿಗ್ಗೆ ನೀವೇ ಹೇಳಿದ್ರಿ. ನಾನು ಮೇಲಿನವರಿಗೆ ಹೇಳಿದೀನಿ. ಅವರು ದಾರಿಲಿದ್ದಾರೆ. ಈಗ ಇಲ್ಲ ಅಂದ್ರೆ ನನ್ನ ಮುಖ ಏನಾಗುತ್ತೆ? ಹೋಗ್ಲಿ, ನನ್ನದು ಬಿಡಿ, ನಿಮ್ಮದು? ನಿವೃತ್ತಿಗೆ ಹತ್ರ ಇದೀರಿ. ಕಣ್ಣು ಕಾಣಲ್ಲ ಅಂತ ಬರೀತಾರೆ. ಮೇಲೆ ಹೋಗ್ಲಿ, ಅಲ್ಲಿ ನೋಡ್ಕೋತಾರೆ."

"ಅಲ್ಲಿ ಯಾರೂ ನೋಡಲ್ಲ. ನಾನೇ ನೋಡಲಿಲ್ಲ, ಅವರು ನೋಡ್ತಾರಾ?"

"ಹೋಗಿ ಕೂತ್ಕೊಳ್ಳಿ ಸರ್. ನೀವು ಬಂದದ್ದು, ಹೇಳಿದ್ದು, ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ನಮ್ಮ ಸರ್ ಮರ್ಯಾದೆ ನಮ್ಮ ಮರ್ಯಾದೆ ಅಲ್ವಾ?"

ಆಮೇಲೆ ಏನಾಯಿತೆಂದು ಅವನಿಗೆ ಪೂರ್ತಿ ಕ್ರಮವಾಗಿ ನೆನಪಿರಲಿಲ್ಲ. ಮುಖ್ಯಸ್ಥನ ಮಣಿಕಟ್ಟು ಅವನ ಮುಷ್ಟಿಯಲ್ಲಿತ್ತು. ಮೆತ್ತನೆಯ, ಉಂಗುರ ಹಾಕಿದ, ಬೆಚ್ಚಗಿನ ಕೈ. ಅದರ ತೋರುಬೆರಳನ್ನು ಬಿಡಿಸಿ ಕಾಗದದ ಮೇಲೆ ಒತ್ತಿ, ಮೂಲೆಯಿಂದ ಬಾಹುವಿಗೆ, ಬಾಹುವಿನಿಂದ ಗೆರೆಯ ಕಡೆಗೆ ಎಳೆಯುತ್ತಿದ್ದ, ಅಕ್ಷರ ತಿದ್ದಿಸುವ ಹಾಗೆ. ಮೇಜಿನ ಮೇಲಿದ್ದ ಅರಗಿನ ತುಂಡು ಉರುಳಿ ಕೆಳಗೆ ಬಿತ್ತು.

"ತಾಗ್ತಾ ಇದೆಯಾ?"

"ಸರ್, ಕೈ ಬಿಡಿ. ಎಲ್ರೂ ನೋಡ್ತಿದಾರೆ."

"ನೋಡ್ಲಿ. ತಾಗ್ತಾ ಇದೆಯೋ ಇಲ್ವೋ ಹೇಳು."

"ನೋಯ್ತಿದೆ ಸರ್."

"ಅದು ನಾನು ಹಿಡಿದದ್ದು. ಕಾಗದದ ಮೇಲೆ ತಾಗ್ತಾ ಇರೋದು ಹೇಳು ನೀನು."

ಮುಖ್ಯಸ್ಥ ಎಳೆದುಕೊಳ್ಳುವುದನ್ನು ನಿಲ್ಲಿಸಿದ. ಬೆರಳು ಒಂದು ಸಲ, ಯಾರೂ ಎಳೆಯದೆ, ತಾನಾಗಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಂತು. "ತಾಗುತ್ತೆ" ಎಂದ, ತೀರ ಸಣ್ಣಗೆ. ಅವನು ಕೈ ಬಿಟ್ಟ. ಮಣಿಕಟ್ಟಿನ ಮೇಲೆ ಕೆಂಪು ಶಾಯಿಯ ಹೆಬ್ಬೆಟ್ಟು ಮೂಡಿತ್ತು. ಮುಖ್ಯಸ್ಥ ಅದನ್ನು ಕರ್ಚೀಫಿನಿಂದ ಒರೆಸಿದ, ಹೋಗಲಿಲ್ಲ, ಮತ್ತೆ ಒರೆಸಿದ. ಅವನ ಮುಖದಿಂದ ಸರ್ ಸರ್ ಎನ್ನುವ ಆ ಎಣ್ಣೆ ಹೋಗಿತ್ತು. ಕೆಳಗೆ ಉಳಿದದ್ದು ಹಳೆಯ, ಚೊಕ್ಕವಾದ ದ್ವೇಷ. ಅದನ್ನು ಕಂಡು ಇವನಿಗೆ, ಬೆಳಗಿನಿಂದ ಮೊದಲ ಸಲ, ಉಸಿರಾಟ ಸಲೀಸಾಯಿತು.

"ಬರೆದುಕೊಡಿ" ಎಂದು ಮುಖ್ಯಸ್ಥ ಒಂದು ಹಾಳೆ ತಳ್ಳಿದ. "ನಿಮ್ಮ ಅಜಾಗರೂಕತೆ ಅಂತ. ವರದಿ ತಪ್ಪು ಅಂತ. ನಾನು ಫೋನ್ ಮಾಡಿ ಹೇಳ್ತೀನಿ."

ನಿಂತಲ್ಲೇ ಬರೆದ. ಕೆಂಪಿನಲ್ಲೇ ಬರೆದ, ಬೇರೆ ಪೆನ್ನು ಇರಲಿಲ್ಲ.

"ಈಗ ಓದಿ. ಗಟ್ಟಿಯಾಗಿ. ಬೆಳಿಗ್ಗೆ ನಿಮ್ಮ ಕಾನೂನು ಕೇಳಿದವರು ಇದನ್ನೂ ಕೇಳಬೇಕಲ್ಲ."

ಅದು ಹಗೆಗೆ ಆಡಿದ ಮಾತು, ಆದರೆ ತಪ್ಪು ಮಾತಲ್ಲ. ಅವನು ಹಾಲಿನ ಕಡೆ ತಿರುಗಿದ. ಬಗ್ಗಿದ ಬೆನ್ನುಗಳು ಒಂದೂ ಇರಲಿಲ್ಲ, ಎಲ್ಲ ಮುಖಗಳು. ಓದತೊಡಗಿದ: ಇಲ್ಲಿ ಸಹಿ ಮಾಡಿ ಬರೆದುಕೊಟ್ಟ ನಾನು, ಕೋನಾರ್ಧಕದ ಪ್ರಶ್ನೆಗೆ ಮುಳ್ಳಿನಿಂದ ಗೀರಿ ಹಾಕಿದ ಕಂಸಗಳನ್ನು ಸರಿಯಾಗಿ ಪರಿಶೀಲಿಸದೆ ಸೊನ್ನೆ ಹಾಕಿರುತ್ತೇನೆ. ಮಕ್ಕಳು ಹಾಗೂ ಅವರ ಅಧ್ಯಾಪಕರ ಮೇಲೆ ಹೊರಿಸಿದ ನಕಲಿನ ಆರೋಪ ಸುಳ್ಳು. ತಪ್ಪು ಪೂರ್ತಿ ನನ್ನದು. ಓದಿ ಮುಗಿಸಿದಾಗ ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ದಾರಿ ಗೊತ್ತಿತ್ತು, ತಿರುಗಿ ನೋಡಿ ಯಾರೆಂದು ಹುಡುಕಬಹುದಿತ್ತು. ಅದರ ಬದಲು ಒಂದು ಸಣ್ಣ ಸದ್ದು ಶುರುವಾಯಿತು. ಮೊದಲು ಹತ್ತಿರದ ಮೇಜಿನಲ್ಲಿ, ಆಮೇಲೆ ಅದರಾಚೆ. ಮುಗಿಸಿ ಕಟ್ಟಿಟ್ಟಿದ್ದ ಪತ್ರಿಕೆಗಳ ದಾರ ಬಿಚ್ಚುತ್ತಿದ್ದರು. ಪುಟ ಹುಡುಕಿ ಅಂಗೈ ಅಗಲ ಮಾಡಿ, ಬೆರಳ ತುದಿಯಿಂದ ಕಾಗದ ಸವರುತ್ತಿದ್ದರು. ಇಡೀ ಹಾಲು ಕಣ್ಣಿಲ್ಲದವರ ಶಾಲೆಯ ಹಾಗೆ ತಲೆ ಬಗ್ಗಿಸಿ ತಡವುತ್ತಿತ್ತು.

ಅವನು ತನ್ನ ಜಾಗಕ್ಕೆ ಬಂದ. ಮೇಡಂ ಒಂದು ಪತ್ರಿಕೆಯ ಮೇಲೆ ಬೆರಳಿಟ್ಟು ಕೂತಿದ್ದಳು, ಬೆರಳು ಅಲುಗುತ್ತಿರಲಿಲ್ಲ. ಆ ಪುಟದ ಅಂಚಿನಲ್ಲಿ ಬಾಲ್ ಪೆನ್ನಿನಲ್ಲಿ ಬರೆದ ಎರಡರ ಅಂಕಿ ಇತ್ತು, ಅದರ ಮೇಲೆ ಅಡ್ಡಗೀಟು, ಗೀಟಿನ ಪಕ್ಕದಲ್ಲಿ ಒಂದು ಅಳುಕಿನ ಸೊನ್ನೆ.

"ನಾನು ಕೊಟ್ಟಿದ್ದೆ" ಎಂದಳು, ಅವನ ಕಡೆ ನೋಡದೆ. "ಇಷ್ಟು ಚೆನ್ನಾಗಿ ಎಳೆದ ಮಗು ಕದ್ದಿರಲ್ಲ ಅಂತ ಎರಡೂ ಕೊಟ್ಟಿದ್ದೆ. ಆಮೇಲೆ ನೀವು ಇಲ್ಲೇ ಪಕ್ಕದಲ್ಲಿ ಇದೀರಲ್ಲ, ನೋಡಿದ್ರೆ ಏನಂತೀರೋ ಅಂತ ಹೆದರಿ ನಾನೇ ಹೊಡೆದುಹಾಕ್ದೆ."

ಅವನು ಪೆನ್ನಿನ ಮುಚ್ಚಳ ತೆಗೆದು ಕೈ ಚಾಚಿದ. "ಕೊಡಿ ಮೇಡಂ, ತಿದ್ದಿ ಸಹಿ ಹಾಕ್ತೀನಿ. ತಪ್ಪು ನನ್ನದು ಅಂತ ಬರೆದಿದೀನಲ್ಲ."

ಅವಳು ಪತ್ರಿಕೆಯನ್ನು ತನ್ನ ಕಡೆಗೆ ಎಳೆದುಕೊಂಡು, ಎಡಗೈಯನ್ನು ಅದರ ಮೇಲೆ ಅಡ್ಡವಿಟ್ಟಳು, ಪಕ್ಕದ ಹುಡುಗ ನೋಡಿ ಬರೆಯದ ಹಾಗೆ ಮಕ್ಕಳು ಇಡುತ್ತಾರಲ್ಲ, ಹಾಗೆ.

"ಇದು ನನ್ನ ತಪ್ಪು" ಅಂದಳು. "ನೀವು ಮುಟ್ಟಬೇಡಿ."